ಒಂದೇ ಬಾಗಿಲಿಗೆ ಕೂರುವ ಗೂಟ

ಚನ್ನಪಟ್ಟಣದ ಲಕ್ಷ್ಮಯ್ಯ ಮೂವತ್ತು ವರ್ಷದಿಂದ ಮರದ ಗೊಂಬೆ ಕಡೆಯುತ್ತಿದ್ದ. ಆನೆ, ಕುದುರೆ, ರೈಲು ಕೇಳಿದವರುಂಟು. ವಿಷದ ಹುಳು ಕೇಳಿದವರಿರಲಿಲ್ಲ. ೨೦೦೬ರ ಶ್ರಾವಣದಲ್ಲಿ ಹಾಗೆ ಕೇಳಿಕೊಂಡು ಬಂದವಳು ಮಾಗಡಿಯ ಪ್ರತಿಮಾ. ಬೆಂಗಳೂರಿನಲ್ಲಿ ನರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ರಾಮನಗರದ ಶಾಲೆಯೊಂದರ ಮಕ್ಕಳಿಗೆ ತೋರಿಸಲು ಅವಳಿಗೆ ವಿಷ ಚುಚ್ಚಿ ಮೀನು ಹಿಡಿಯುವ ಕಡಲಿನ ಒಂದು ಶಂಖದ ಹುಳು, ನಾಲ್ಕು ತೂತಿರುವ ಉದ್ದನೆಯ ನರ, ನಾಲ್ಕು ಗೂಟ ಬೇಕಿದ್ದವು.

ಮುಂದಿನ ವಾರ ಬಂದವಳು ಹುಳುವನ್ನು ನೋಡಿ ನಕ್ಕಳು. ಮೀನು ಕೊಲ್ಲುವ ಪ್ರಾಣಿಗೆ ಲಕ್ಷ್ಮಯ್ಯ ಅಭ್ಯಾಸಬಲದಿಂದ ನಗುಮುಖ ಬರೆದಿದ್ದ. ಗೂಟ ನೋಡಿದಾಗ ಮಾತ್ರ ಅವಳ ಮುಖ ಸಣ್ಣಗಾಯಿತು.

"ಯಾವ ತೂತಿಗಾದ್ರೂ ಬೆಣ್ಣೆ ಹಂಗೆ ಕೂತ್ಕತದೆ ಕಣವ್ವ. ಇನ್ನೇನ್ ಬೇಕು?" ಅಂದ ಲಕ್ಷ್ಮಯ್ಯ.

"ಅದೇ ತಪ್ಪು ಕಣಣ್ಣ. ಒಂದು ಗೂಟ ಒಂದೇ ತೂತಿಗೆ ಕೂರ್ಬೇಕು."

ಸರಿಯಾಗಿ ಹೇಳದಿದ್ದುದು ತನ್ನದೇ ತಪ್ಪೆಂದು ಒಪ್ಪಿ ಅವಳು ವಿವರಿಸಿದಳು. ಆ ಹುಳುವಿನ ವಿಷದಲ್ಲಿ ನೂರಾರು ಬಗೆಯ ಸಣ್ಣ ಸಣ್ಣ ತುಣುಕುಗಳಿವೆ. ನರದಲ್ಲಿ ಬಾಗಿಲುಗಳಿವೆ. ಗೂಟವೆಂದರೆ ಆ ತುಣುಕು, ತೂತೆಂದರೆ ಆ ಬಾಗಿಲು. ಕೆಲವು ತುಣುಕುಗಳು ತಮ್ಮ ಬಾಗಿಲೊಂದನ್ನು ಬಿಟ್ಟು ಬೇರೆಯದರ ತಂಟೆಗೆ ಹೋಗುವುದಿಲ್ಲ. ಅಂಥದೊಂದರಿಂದ ಒಂದು ಬಾಗಿಲು ಮುಚ್ಚಿ, ಏನು ನಿಂತಿತೆಂದು ನೋಡಿದರೆ, ಆ ಬಾಗಿಲ ಕೆಲಸ ಏನೆಂದು ತಿಳಿಯುತ್ತದೆ.

ಲಕ್ಷ್ಮಯ್ಯನಿಗೆ ತಟ್ಟನೆ ಹೊಳೆಯಿತು. ಹೊಸ ಶೆಡ್ಡಿಗೆ ಕರೆಂಟಿನ ಲೇತು ಬಂದಾಗ ಅವನೂ ಒಂದೊಂದೇ ಸ್ವಿಚ್ಚು ಆರಿಸಿ, ಯಾವುದು ಯಾವುದರದೆಂದು ಕಂಡುಕೊಂಡಿದ್ದ.

"ಅಂಗಾದ್ರೆ ಅದು ಬರೀ ವಿಸ ಅಲ್ಲ ಬುಡು. ನಿಮ್ಗೆ ಕೆಲ್ಸದ ಸಾಮಾನು."

ಆದರೆ ಲೇತಿನಲ್ಲಿ ಕಡೆದದ್ದೆಲ್ಲ ದುಂಡಗೇ ಬರುತ್ತದೆ. ದೊಡ್ಡ ತೂತಿಗೆ ಸಣ್ಣ ಗೂಟ ನುಗ್ಗಿಬಿಡುತ್ತದೆ. ಎರಡು ದಿನ ಪೇಚಾಡಿ, ಕೊನೆಗೆ ಅಪ್ಪನ ಕಾಲದ ಉಳಿ ಹುಡುಕಿ ತೆಗೆದ. ಒಂದು ಗೂಟ ಮುಮ್ಮೂಲೆ, ಒಂದು ಚೌಕ, ಒಂದು ಅರ್ಧಚಂದ್ರ, ಇನ್ನೊಂದು ವೀಳ್ಯದೆಲೆ. ಪರೀಕ್ಷೆಗೆ ಹೆಂಡತಿ ಶಿವಲಿಂಗಮ್ಮನನ್ನು ಕರೆದ. ಅವಳು ಚೌಕದ ಗೂಟವನ್ನು ಉಳಿದ ಮೂರು ತೂತಿಗೂ ಇಟ್ಟು, ಒನಕೆಯಲ್ಲೇ ಕುಟ್ಟಿದಳು. ಒಳಗೆ ಹೋಗಲಿಲ್ಲ. ಲಕ್ಷ್ಮಯ್ಯನಿಗೆ ಹಬ್ಬ.

ಶಾಲೆಗೆ ತಾನೂ ಹೋದ. ಹುಡುಗಿಯೊಬ್ಬಳು ವೀಳ್ಯದೆಲೆಯ ಗೂಟವನ್ನು ಅದರ ತೂತಿಗೆ ಒತ್ತಿದಳು. ಚೆನ್ನಾಗಿ ಕೂತಿತು. ಎಷ್ಟು ಚೆನ್ನಾಗಿ ಎಂದರೆ, ಹೆಡ್ ಮಾಸ್ತರರು ಎಳೆದರೂ ಬರಲಿಲ್ಲ. ಮಕ್ಕಳು ಗೊಳ್ಳೆಂದರು. ಲಕ್ಷ್ಮಯ್ಯ ನಾಚಿಕೆಯಿಂದ ಕುಗ್ಗಿಹೋದ.

ಪ್ರತಿಮಾ ಮಾತ್ರ ಹಿಗ್ಗಿದಳು. ಪ್ರಯೋಗಾಲಯದಲ್ಲೂ ಹೀಗೇ, ಕೆಲವು ತುಣುಕು ತೊಳೆದ ಕೂಡಲೇ ಬಿಡುತ್ತವೆ, ಕೆಲವು ಗಂಟೆಗಟ್ಟಲೆ ಕಚ್ಚಿಕೊಂಡಿರುತ್ತವೆ ಎಂದು ಮಕ್ಕಳಿಗೆ ಹೇಳಿದಳು. ಇದನ್ನು ತೋರಿಸುವುದು ಹೇಗೆಂದು ತನಗೇ ತಿಳಿದಿರಲಿಲ್ಲವಂತೆ.

ಲಕ್ಷ್ಮಯ್ಯ ತಲೆ ಎತ್ತಿ, ಬೇಕೆಂದೇ ಹಾಗೆ ಮಾಡಿದವನಂತೆ ಎಲ್ಲರನ್ನೂ ಒಮ್ಮೆ ನೋಡಿದ.