ನರ್ಸಮ್ಮನ ವ್ಯಾನಿನ ಬಾಗಿಲು

ಹಳ್ಳಿಗಾಡಿನ ಕೊಟ್ಟಿಗೆಗಳಲ್ಲಿ, ಬೇಲಿಯ ಮರೆಯಲ್ಲಿ, ಪಾಳುಬಿದ್ದ ಗಿರಣಿಗಳ ಹಿಂದೆ ಕೊಳೆಯುತ್ತ ನಿಂತ ಹಳೇ ಗಾಡಿಗಳನ್ನು ಹುಡುಕಿ ತಂದು ಮತ್ತೆ ಓಡುವಂತೆ ಮಾಡುವುದು ತುಕ್ಕಣ್ಣನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಈಗ ಅವನಿಗೇ ಅರೆಬರೆ ನೆನಪು. ಹುಲ್ಲಿನ ರಾಶಿಯ ಹಿಂದೆ ಗಾಡಿಯ ಒಂದು ದುಂಡು ದೀಪ ಇಣುಕಿದರೆ ಸಾಕು, ತಟ್ಟೆಯಲ್ಲಿನ ಊಟ ಬಿಟ್ಟು ಓಡುವ ಆಸಾಮಿ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಒಪ್ಪೋಣ. ಆ ಮಾತನ್ನು ಅವನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದ ಎನ್ನುವುದನ್ನೂ ಒಪ್ಪೋಣ.

ಅವನದೊಂದು ಪದ್ಧತಿ ಇತ್ತು. ಕಾಗದ, ಪುಸ್ತಕದ ಗೊಡವೆಯೇ ಇಲ್ಲ. ಯಾವ ಭಾಗಕ್ಕೆ ಏನು ಮಾಡಬೇಕೋ ಅದನ್ನು ಆ ಭಾಗದ ಮೇಲೇ ಸೀಮೆಸುಣ್ಣದಲ್ಲಿ ಬರೆದುಬಿಡುವುದು: ‘ಬೆಸುಗೆ’, ‘ಬದಲಿಸು’, ‘ಸೋರುತ್ತೆ’. ಶೆಡ್ಡಿನ ಮೂಲೆಯಲ್ಲಿ ಕೂತು ಸೀಟು ಹೊಲಿಯುವ ಹೆಂಡತಿ ಎಷ್ಟೋ ಸಲ ಕೇಳಿದ್ದಳು, “ಒಂದು ಚೀಟಿ ಮೇಲೆ ಬರ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಗಾಡೀನೇ ನನ್ನ ಚೀಟಿ ಕಣೆ” ಎಂದು ಅವನು ಹಲ್ಲು ಕಿರಿಯುತ್ತಿದ್ದ.

ನರ್ಸಮ್ಮನ ವ್ಯಾನು ಸಿಕ್ಕಿದ್ದು ಒಂದು ತಗಡಿನ ಕೊಟ್ಟಿಗೆಯಲ್ಲಿ. ಚಕ್ರಗಳು ಅರ್ಧ ನೆಲದಲ್ಲಿ ಹೂತಿದ್ದವು, ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮೂವತ್ತೊಂದು ವರ್ಷ ಆ ವ್ಯಾನನ್ನು ತಾನೇ ಓಡಿಸಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದಾಕೆ ನರ್ಸಮ್ಮ. ಈಗ ಕಣ್ಣು ಮಂಜು, ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟೇ ತಿಳಿಯುತ್ತಿತ್ತು.

“ಈ ಕೊಟ್ಟಿಗೆ ಇವತ್ತೋ ನಾಳೆಯೋ ಬೀಳುತ್ತೆ. ಗಾಡಿ ಅದರಡಿ ಸಿಕ್ಕಿ ಅಪ್ಪಚ್ಚಿ ಆಗೋದು ಬೇಡ, ನೀನೇ ತಗೊಂಡು ಹೋಗು. ರೆಡಿ ಆದ್ಮೇಲೆ ಒಂದು ಸುತ್ತು ನನ್ನ ಕೂರಿಸ್ಕೊಂಡು ಹೋದ್ರೆ ಸಾಕು. ಆದ್ರೆ ಒಂದು ಮಾತಪ್ಪ, ಡ್ರೈವರ್ ಬಾಗಿಲ ಒಳಗಡೆ ಮಾತ್ರ ಮುಟ್ಟಬೇಡ.”

ಆಕೆ ಅವನ ಕೈ ಹಿಡಿದು ಬಾಗಿಲ ಒಳಮೈ ಮೇಲೆ ಇಟ್ಟರು. ಸಾಲು ಸಾಲು ಗೀಟುಗಳು.

“ಒಂದು ಹೆರಿಗೆಗೆ ಒಂದು ಗೀಟು. ಕೆಲಸ ಮುಗಿಸಿ ಹೊರಡೋ ಮುಂಚೆ ಕೀಲಿಕೈಯಲ್ಲಿ ಗೀಚ್ತಿದ್ದೆ. ಈಗಲೂ ದಿನಾ ಬಂದು ಕೂತು ಸವರ್ತೀನಿ.”

“ನಿಮ್ಮಾಣೆ, ಮುಟ್ಟಲ್ಲಮ್ಮ” ಎಂದ ತುಕ್ಕಣ್ಣ. ಅಲ್ಲೇ ಜೇಬಿನಿಂದ ಸೀಮೆಸುಣ್ಣ ತೆಗೆದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ‘ಮುಟ್ಟಬೇಡ’ ಎಂದು ಬರೆದ. ಬರೆದದ್ದನ್ನು ಆಕೆಗೆ ಓದಿಯೂ ಹೇಳಿದ.

ಶೆಡ್ಡಿಗೆ ಬಂದ ಗಾಡಿಗೆ ಮೊದಲು ಸ್ನಾನ. ಪೈಪಿನ ನೀರಿನ ರಭಸಕ್ಕೆ ಮಣ್ಣು, ಕೋಳಿಹಿಕ್ಕೆ ಎಲ್ಲ ಕಿತ್ತುಹೋಗಬೇಕು. ಸೀಮೆಸುಣ್ಣದ ಕೆಲಸ ಯಾವಾಗಲೂ ಸ್ನಾನ ಆದಮೇಲೆ. ಈ ಒಂದು ಸಲ ಮೊದಲೇ ಬರೆದಿದ್ದ. ಬಾಗಿಲಿನಿಂದ ಬೆಳ್ಳಗೆ ನೀರು ಇಳಿದದ್ದನ್ನು ಅವನು ನೋಡಿದ, ಆಮೇಲೆ ಬರೆದರಾಯಿತು ಅಂದುಕೊಂಡ. ಆಮೇಲೆ ಎಂಜಿನ್ ಕೆಲಸ ಹಿಡಿದುಕೊಂಡಿತು. ಮೂರು ವಾರ ಅದರ ಗುಂಗಿನಲ್ಲೇ ಮುಳುಗಿದ. ಬಾಗಿಲುಗಳ ಸರದಿ ಬಂದಾಗ ಎಲ್ಲವನ್ನೂ ಕಳಚಿ ಸಾಲಾಗಿ ಮಲಗಿಸಿ, ಬಣ್ಣ ಕೀಳುವ ಎಣ್ಣೆ ಬಳಿದು, ಹಾಡು ಗುನುಗುತ್ತ ಉಜ್ಜಿದ. ಕೈಯ ಕೆಳಗೆ ಬರೀ ತಗಡು ಫಳಫಳ ಹೊಳೆದಾಗ ನೆನಪಾಯಿತು.

“ಹೋಗಿ ಹೇಳ್ಬಿಡ್ರಿ” ಎಂದಳು ಹೆಂಡತಿ. “ಬೈತಾರೆ, ಬೈಸ್ಕೊಳ್ಳಿ.”

“ಅವರಿಗೆ ಕಣ್ಣು ಕಾಣಲ್ಲ. ಹೇಗೆ ಗೊತ್ತಾಗುತ್ತೆ?”

ಅಂದವನಿಗೇ ಆ ಮಾತು ಕೇಳಿ ಹೇಸಿಗೆಯಾಯಿತು. ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ, ದಾರದ ತುದಿಯನ್ನು ಹಲ್ಲಲ್ಲಿ ಕತ್ತರಿಸಿ ಹೊಲಿಗೆಗೆ ತಿರುಗಿದಳು. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಆದರೂ ಹೇಳುವ ಧೈರ್ಯ ಬರಲಿಲ್ಲ. ಹೊಸ ಬಣ್ಣ ಒಣಗಿದ ಮೇಲೆ ಒಂದು ಹಳೇ ಕೀಲಿಕೈ ಹಿಡಿದು ಬಾಗಿಲ ಮುಂದೆ ಕೂತ. ಎಷ್ಟಿದ್ದವೋ ಎಣಿಸಿರಲಿಲ್ಲ, ಅಂದಾಜಿಗೆ ಒಂದೊಂದೇ ಗೀಟು, ಒಂದೇ ಉದ್ದ, ಒಂದೇ ಅಂತರ. ಕೆಲಸಗಾರನ ಕೈ ನೋಡಿ, ಮೋಸವನ್ನೂ ಅಚ್ಚುಕಟ್ಟಾಗಿಯೇ ಮಾಡಿತು.

ವ್ಯಾನಿನ ಸದ್ದು ಕೇಳಿ ನರ್ಸಮ್ಮ ಅಂಗಳಕ್ಕೇ ಬಂದು ನಿಂತಿದ್ದರು. “ಅದೇ ಕೆಮ್ಮು! ಚಳಿ ಬಂದ್ರೆ ಹೀಗೇ ಕೆಮ್ಮೋದು” ಎಂದು ಮಗುವಿನ ಹಾಗೆ ನಕ್ಕರು. ಒಂದು ಸುತ್ತು ಆಮೇಲೆ, ಮೊದಲು ತನ್ನ ಜಾಗದಲ್ಲಿ ಕೂರಬೇಕು ಎಂದು ಡ್ರೈವರ್ ಸೀಟು ಏರಿದರು. ತುಕ್ಕಣ್ಣ ಪಕ್ಕದ ಸೀಟಿನಲ್ಲಿ ಕೂತ. ಆಕೆಯ ಕೈ ತಾನಾಗಿ ಬಾಗಿಲಿಗೆ ಹೋಯಿತು. ಮೊದಲ ಸಾಲು ಸವರಿದರು. ಎರಡನೆಯದರಲ್ಲಿ ಬೆರಳು ನಿಧಾನವಾಯಿತು. ಮೂರನೆಯದರಲ್ಲಿ ನಿಂತೇಹೋಯಿತು.

“ಏನಪ್ಪಾ, ಇಲ್ಲಿ ಎಲ್ಲಾ ಮಕ್ಕಳೂ ಬದುಕಿವೆಯಲ್ಲ?”

ಅವನಿಗೆ ಅರ್ಥವಾಗಲಿಲ್ಲ.

“ಉಳೀದೇ ಹೋದ ಕೂಸುಗಳ ಗೀಟಿಗೆ ಅಡ್ಡವಾಗಿ ಇನ್ನೊಂದು ಗೀಟು ಎಳೆದಿದ್ದೆ. ಒಂಬತ್ತು ಇದ್ವು. ಎಲ್ಲಿ ಹೋದ್ವು?”

ತುಕ್ಕಣ್ಣ ಎಲ್ಲ ಹೇಳಿದ. ಸೀಮೆಸುಣ್ಣ, ನೀರು, ಎಣ್ಣೆ, ಕೊನೆಗೆ ಕೀಲಿಕೈ. ತಪ್ಪಾಯ್ತಮ್ಮ ಎಂದ. ಬೈದಿದ್ದರೆ, ಕೆನ್ನೆಗೆ ಒಂದು ಬಾರಿಸಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. “ಕೀಲಿಕೈ ತಗೋ. ಈ ಕಡೆ ಬಾ. ನಾನು ಹೇಳ್ತೀನಿ, ನೀನು ಹಾಕು” ಎಂದರು.

ಅವನು ಸುತ್ತಿಕೊಂಡು ಬಂದು ಬಾಗಿಲ ಬಳಿ ಮೊಣಕಾಲೂರಿದ.

“ಮೊದಲ ಸಾಲು, ಐದನೇದು. ಕಮ್ಮಾರನ ಮನೆ. ಹೆಣ್ಣು ಕೂಸು.”

ಅವನು ಅಡ್ಡ ಗೀಟು ಎಳೆದ. ಹೊಸ ಬಣ್ಣ ಚಕ್ಕೆಯಾಗಿ ಮೊಣಕಾಲ ಮೇಲೆ ಉದುರಿತು.

“ಅದೇ ಸಾಲು, ಕೊನೇದು. ಸೇತುವೆ ಪಕ್ಕದ ಮನೆ. ಆ ತಾಯಿ ನನ್ನ ಕೈ ಬಿಡ್ಲೇ ಇಲ್ಲ.”

ಎಳೆದ. ಗೀಟು ಸೊಟ್ಟಗಾಯಿತು.

“ಎರಡನೇ ಸಾಲು, ಮೂರನೇದು. ಅಂಚೆಯವನ ಮನೆ. ಅವಳಿ. ಒಂದು ಉಳೀತು.”

ಅದನ್ನೂ ಎಳೆದ. ಆಮೇಲೆ ಆಕೆಯ ಬೆರಳು ಕೆಳಗಿನ ಸಾಲುಗಳ ಮೇಲೆ ಹೋಯಿತು, ಬಂತು, ಮತ್ತೆ ಮೇಲಿನಿಂದ ಶುರುಮಾಡಿತು.

“ನಾಲ್ಕನೇ ಅಡ್ಡಗೀಟು… ಗೀಟು ಕೈಗೆ ಸಿಕ್ಕಿದ್ರೆ ಮನೆ ನೆನಪಾಗ್ತಿತ್ತು. ಈಗ ಎಲ್ಲಾ ಒಂದೇ ಥರ ಇವೆ.”

ನರ್ಸಮ್ಮ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

“ಉಜ್ಜೋವಾಗ ನೀನು ನೋಡಿರ್ತೀಯಲ್ಲಪ್ಪ. ನಾಲ್ಕನೇದು ಎಲ್ಲಿತ್ತು?”

ತುಕ್ಕಣ್ಣ ನೋಡಿರಲಿಲ್ಲ. ಉಜ್ಜುವಾಗ ಹಾಡು ಗುನುಗುತ್ತಿದ್ದ.