ಹೋಗ್ಬುಟ್ಟು ಬಾ ಅಂದವಳು

ಕಿರಂಗೂರಿನಾಚೆಯ ಆ ವೃದ್ಧಾಶ್ರಮದಲ್ಲಿ ಹೊತ್ತು ಇಳಿಯಿತೆಂದರೆ ಪುಟ್ಟಗೌರಮ್ಮನ ಕಣ್ಣು ಒಬ್ಬ ಮುದುಕಿಯ ಮಂಚದ ಕಡೆಗೇ ಇರುತ್ತಿತ್ತು. ಆಯಾ ಕೆಲಸ ಅಂದರೆ ಗುಡಿಸೋದು, ಒರೆಸೋದು, ಮುದುಕರ ಮೈ ತೊಳೆಸೋದು, ಇಷ್ಟೇ ಅಂದುಕೊಂಡು ಬಂದವಳು ಅವಳು. ದ್ಯಾವಮ್ಮನಂಥವರೂ ಇರುತ್ತಾರೆ ಅಂತ ಯಾವ ಪುಣ್ಯಾತ್ಮ ಹೇಳಿದ್ದ?

ದ್ಯಾವಮ್ಮ ದೇವಲಾಪುರದ ಕಡೆಯವಳು. ಮಗ ಮಂಡ್ಯದಲ್ಲಿ ಮೇಷ್ಟ್ರು. ಆ ಮಗನ ಹೆಸರು ಮರೆತುಹೋಗಿತ್ತು, ಹಸುವಿನ ಹೆಸರು ಮಾತ್ರ ಮರೆತಿರಲಿಲ್ಲ. ಹಗಲೆಲ್ಲ ಗುಮ್ಮನೆ ಕೂತಿರುವ ಹೆಂಗಸು ಬಿಸಿಲು ತಗ್ಗಿದ್ದೇ ತಡ, ಸೆರಗು ಸೊಂಟಕ್ಕೆ ಸಿಗಿಸಿ ಎದ್ದುಬಿಡುತ್ತಿದ್ದಳು. "ಕೆಂಪೀನ ಕಟ್ಟೆಗೆ ಹೊಡ್ಕೊಂಡೋಗಿ ಮೈ ತೊಳೀಬೇಕು. ಹಾಲು ಕರೀಬೇಕು. ಡೈರಿಗೆ ಹೊತ್ತಾಯ್ತದೆ."

"ನಿನ್ ಕೆಂಪಿ ಸತ್ತು ಯಾವ ಕಾಲಾಯ್ತೋ, ಕೂತ್ಕೊ ಸುಮ್ಕೆ," ಅಂತ ಪುಟ್ಟಗೌರಮ್ಮ ಗದರುತ್ತಿದ್ದಳು. ಮುದುಕಿಗೆ ಅದು ದಿನವೂ ಹೊಸ ಸುದ್ದಿಯೇ. ದಿನವೂ ಎದೆ ಬಡಿದುಕೊಂಡು ಅಳುತ್ತಿದ್ದಳು. ಆಮೇಲೆ ಹೊರಗಿನಿಂದ ಚಿಲಕ ಬೀಳುತ್ತಿತ್ತು. ಒಳಗೆ ಬಾಗಿಲು ಬಡಿಯುವ ಸದ್ದು ನಿಲ್ಲುವತನಕ ಪುಟ್ಟಗೌರಮ್ಮ ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ. ಅವಳೇನು ಕಟುಕಿಯಲ್ಲ, ಭಯ ಅವಳಿಗೆ. ಆಶ್ರಮದ ಹಿಂದೆ ಗದ್ದೆ ದಾಟಿದರೆ ನಾಲೆ. ಪಾಂಡವಪುರದ ಕಡೆ ನಾಲೆ ದಂಡೆಯಲ್ಲೇ ಹುಟ್ಟಿ ಬೆಳೆದವಳು ಪುಟ್ಟಗೌರಮ್ಮ. ಒಂದು ಗಟ್ಟಿ ಎಮ್ಮೆಯನ್ನು ನೀರು ಎಳೆದುಕೊಂಡು ಹೋದದ್ದನ್ನು ಸಣ್ಣವಳಿದ್ದಾಗ ಕಣ್ಣಾರೆ ಕಂಡಿದ್ದಳು. ಅವತ್ತಿನಿಂದ ಮೊಣಕಾಲಿಗಿಂತ ಆಳಕ್ಕೆ ಇಳಿದವಳೇ ಅಲ್ಲ.

ಆ ವಾರ ಮೈಸೂರಿನಿಂದ ಅಪರ್ಣ ಎಂಬ ನರ್ಸಮ್ಮ ಬಂದರು, ಆಯಾಗಳಿಗೆ ಪಾಠ ಹೇಳಲಿಕ್ಕೆ. ಟೀವಿ ಇಟ್ಟಿದ್ದ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ, ದ್ಯಾವಮ್ಮನ ಸಂಗತಿ ಕೇಳಿಕೊಂಡು, "ಇದು ಹಟ ಅಲ್ಲ, ಕಾಯಿಲೆ," ಅಂದರು. "ಅವರ ಲೋಕದಲ್ಲಿ ಆ ಹಸು ಬದುಕಿದೆ. ಇಲ್ಲ ಅಂತ ವಾದ ಮಾಡಿ ಏನು ಬಂತು? ಹೌದು ಅನ್ನಿ. ಅಂದು ಅಲ್ಲೇ ಬಿಟ್ಟುಬಿಡಬೇಡಿ, ಜೊತೇಲಿ ನಡೀರಿ, ಒಂದು ಸುತ್ತು ಹಾಕಿ ಕರ್ಕೊಂಡು ಬನ್ನಿ. ಹಿಂದಿನಿಂದ ಹೋಗಿ ಕೂಗಬಾರದು, ಹಿಡೀಬಾರದು. ಬೆಚ್ಚಿಬೀಳ್ತಾರೆ. ಎದುರಿಗೆ ಬಂದು ಮುಖ ತೋರಿಸಿ, ಹೆಸರು ಹಿಡಿದು ಮಾತಾಡಿಸಿ, ಆಮೇಲೆ ಕೈ ನೀಡಿ." ಅಡುಗೆಯ ಬೆಟ್ಟಮ್ಮನನ್ನು ಮುದುಕಿ ಮಾಡಿ, ಪುಟ್ಟಗೌರಮ್ಮನ ಕೈಲಿ ಮಾತಾಡಿಸಿದರು. ಬೆಟ್ಟಮ್ಮ ಸೊಟ್ಟಗೆ ನಡೆದದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಜೆಯೊಳಗೆ ಬಾಗಿಲಿನ ಚಿಲಕವನ್ನೂ ಕೀಳಿಸಿಬಿಟ್ಟರು.

ಮಾರನೇ ದಿನ ಸಂಜೆ. ಚಿಕ್ಕಯ್ಯ ಅನ್ನೋ ತಾತ ಪಂಚೆ ಗಲೀಜು ಮಾಡಿಕೊಂಡಿದ್ದ. ಪುಟ್ಟಗೌರಮ್ಮನ ಎರಡೂ ಕೈ ಸೋಪಿನಲ್ಲಿ ಮುಳುಗಿದ್ದವು. ಬಚ್ಚಲ ಬಾಗಿಲಿಗೆ ದ್ಯಾವಮ್ಮ ಬಂದು ನಿಂತಳು.

"ಹೊತ್ತಾಯ್ತು ಕಣವ್ವ. ಕೆಂಪಿ ಕಾಯ್ತಾ ಅವಳೆ. ಬರ್ತೀನಿ."

ಗದರಲಿಕ್ಕೆ ಬಾಯಿ ತೆರೆದವಳಿಗೆ ಪಾಠ ನೆನಪಾಯಿತು. "ಹೂಂ ಕಣವ್ವ," ಅಂದಳು. ಬರ್ತೀನಿ ಅಂದವರಿಗೆ ನಮ್ಮ ಕಡೆ ಏನಂತಾರೆ? ಹೋಗು ಅಂತ ಯಾರಾದರೂ ಅಂದಾರಾ? ಬಾಯಿ ತಾನಾಗೇ ಆಡಿತು: "ಹೋಗ್ಬುಟ್ಟು ಬಾ."

ದ್ಯಾವಮ್ಮ ನಕ್ಕಳು. ಅವಳು ನಕ್ಕದ್ದನ್ನು ಪುಟ್ಟಗೌರಮ್ಮ ನೋಡಿದ್ದು ಅವತ್ತೇ. ಪರವಾಗಿಲ್ಲ, ನರ್ಸಮ್ಮ ಹೇಳಿದ್ದು ಸುಳ್ಳಲ್ಲ ಅಂತ ಖುಷಿಯಾಗಿ ತಾತನ ಬೆನ್ನಿಗೆ ನೀರು ಹುಯ್ದಳು.

ತಾತನಿಗೆ ಪಂಚೆ ಉಡಿಸಿ ಹೊರಗೆ ಬಂದು ನೋಡಿದರೆ ಮಂಚ ಖಾಲಿ. ಜಗಲಿ ಖಾಲಿ. ಹಿಂದಿನ ಗೇಟು ಹಾರು ಹೊಡೆದಿದೆ.

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ. ನಾನೇ ಕಳಿಸಿಕೊಟ್ಟೆನಲ್ಲ. ಹೌದು ಅನ್ನೋದನ್ನ ಕಲಿತು, ಜೊತೆಗೆ ನಡಿ ಅಂದದ್ದನ್ನ ಬಚ್ಚಲಲ್ಲೇ ಬಿಟ್ಟೆನಲ್ಲ. ಅವಳು ಅಲ್ಲೇ ನಿಂತು ಕೂಗಿಕೊಂಡಳು. ಅಪರ್ಣ, ಬೆಟ್ಟಮ್ಮ ರಸ್ತೆ ಕಡೆಗೆ ಓಡಿದರು, ಅಲ್ಲಿ ಬಸ್ಸು ಲಾರಿಗಳ ಭಯ. ಪುಟ್ಟಗೌರಮ್ಮ ನಾಲೆ ಕಡೆಗೆ ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಗದ್ದೆ ಬದುವಿನ ಮೇಲೆ ಎರಡು ಸಲ ಜಾರಿ ಬಿದ್ದಳು. ದೇವರೇ, ರಸ್ತೇಲೇ ಸಿಗಲಿ, ಇಲ್ಲಿ ಇರದಿರಲಿ ಅಂತ ಗೊಣಗುತ್ತಲೇ ಎದ್ದು ಓಡಿದಳು.

ಇಲ್ಲೇ ಇದ್ದಳು. ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ, ಬೆನ್ನು ಈ ಕಡೆಗೆ, ಪಾದ ನೀರಿನೊಳಗೆ. ನಾಟಿಗೆ ಬಿಟ್ಟ ನೀರು, ನಾಲೆ ದಂಡೆಯುದ್ದಕ್ಕೂ ತುಂಬಿ ಕೆಂಪಗೆ ಹರಿಯುತ್ತಿತ್ತು. ನಾಲೆಯೇ ಇಲ್ಲದ ದೇವಲಾಪುರದವಳಿಗೆ ಹರಿಯುವ ನೀರು ಏನು ಗೊತ್ತು? ಅವಳು ಕಂಡದ್ದು ಅಲ್ಲಾಡದೆ ಬಿದ್ದಿರುವ ಕಟ್ಟೆ ನೀರು. "ಬಾ ಕೆಂಪಿ, ಇಳಿ," ಅನ್ನುತ್ತಾ ಇನ್ನೊಂದು ಮೆಟ್ಟಿಲು ಇಳಿದಳು.

ಪುಟ್ಟಗೌರಮ್ಮನಿಗೆ ಗಂಟಲವರೆಗೂ ಕೂಗು ಬಂದಿತ್ತು, ಸೆರಗು ಬಾಯಿಗೆ ತುರುಕಿಕೊಂಡಳು. ಕೂಗಿದರೆ ಬೆಚ್ಚುತ್ತಾಳೆ. ಹಿಂದಿನಿಂದ ಹಿಡಿದರೆ ಕೊಸರಿಕೊಂಡು ಬೀಳುತ್ತಾಳೆ. ಎದುರಿಗೆ ಹೋಗಬೇಕು. ಎದುರಿಗೆ ಇರೋದು ನೀರು.

ಮೆಟ್ಟಿಲ ಅಂಚಿನ ಕಲ್ಲು ಹಿಡಿದು ಇಳಿದಳು. ಮೊಣಕಾಲು. ತೊಡೆ. ಸೊಂಟ. ಸೀರೆ ಉಬ್ಬಿ ನೀರು ಅದನ್ನು ಜಗ್ಗಿತು, ಕಾಲ ಕೆಳಗೆ ಪಾಚಿ. ಎಮ್ಮೆಯ ಕಣ್ಣು ನೆನಪಾಯಿತು. ನನ್ನ ಮಕ್ಕಳ ಗತಿಯೇನು ಅಂದುಕೊಂಡಳು, ಆದರೂ ಅಡ್ಡಕ್ಕೆ ಸರಿದು ಮುದುಕಿಯ ಮುಖದ ನೇರಕ್ಕೆ ಬಂದು ನಿಂತಳು.

"ದ್ಯಾವಮ್ಮ," ಅಂದಳು. "ನಾನು ಕಣವ್ವ. ಪುಟ್ಟಗೌರಿ."

ದ್ಯಾವಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಸಿಗಲಿಲ್ಲ. ನೀರಿನಲ್ಲಿ ನಿಂತು ನಡುಗುತ್ತಿರುವ ಯಾರೋ ಒಬ್ಬ ಹುಡುಗಿ, ಅಷ್ಟೇ ಕಂಡದ್ದು.

"ಯಾರ ಮನೆ ಮಗು ನೀನು? ನೀರಿಗ್ಯಾಕೆ ಇಳ್ದೆ? ಬಿದ್ದೋಯ್ತೀಯ, ಮ್ಯಾಕೆ ಬಾ." ಬಗ್ಗಿ ಕೈ ಚಾಚಿದಳು.

ಆ ಕೈ ಹಿಡಿದರೆ ಇಬ್ಬರೂ ಹೋಗುತ್ತೇವೇನೋ ಅನ್ನಿಸಿತು. ಹಿಡಿಯದಿದ್ದರೆ ಇನ್ನೂ ಬಗ್ಗುತ್ತಾಳೆ. ಪುಟ್ಟಗೌರಮ್ಮ ಒಂದು ಕೈಲಿ ಕಲ್ಲು ತಬ್ಬಿ ಇನ್ನೊಂದು ಕೈ ಕೊಟ್ಟಳು. ಹಾಲು ಕರೆದು ಕರೆದು ಪಳಗಿದ ಕೈ ಅದು, ಹಿಡಿದರೆ ಜಪ್ಪಯ್ಯ ಅಂದರೂ ಬಿಡುವಂಥದ್ದಲ್ಲ. ಒಂದೊಂದೇ ಮೆಟ್ಟಿಲು, ಇವಳು ಕಾಲೂರಿ ಮೇಲೆ ಬಂದಳು, ಅವಳು ಹಿಂದಕ್ಕೆ ಸರಿದಳು.

ದಂಡೆ ಹತ್ತಿದ ಮೇಲೂ ದ್ಯಾವಮ್ಮ ಕೈ ಬಿಡಲಿಲ್ಲ. "ನಡಿ, ನಿಮ್ಮನೆಗೆ ಬುಟ್ಟು ಬತ್ತೀನಿ. ನಿಮ್ಮವ್ವ ಹುಡುಕ್ತಾ ಇರ್ತಾಳೆ," ಅಂದಳು. ಹಸುವಿನ ಮಾತೇ ಎತ್ತಲಿಲ್ಲ. ಹಲ್ಲು ಕಟಕಟ ಅನ್ನುತ್ತಾ ಪುಟ್ಟಗೌರಮ್ಮ ಅವಳ ಪಕ್ಕದಲ್ಲೇ ನಡೆದು, ದಾರಿ ಇದೇ ಕಣವ್ವ ಅಂತ ಗದ್ದೆ ಬದುವಿನಲ್ಲಿ ತೋರಿಸಿಕೊಂಡು ಬಂದಳು.

ಗೇಟಿನಲ್ಲಿ ಅಪರ್ಣ, ಬೆಟ್ಟಮ್ಮ ಏದುಸಿರು ಬಿಡುತ್ತಾ ನಿಂತಿದ್ದರು. ಅವರನ್ನು ಕಂಡದ್ದೇ ದ್ಯಾವಮ್ಮನಿಗೆ ಎಲ್ಲಿತ್ತೋ ಕೋಪ, ಉಕ್ಕಿ ಬಂತು.

"ಈ ಮಗೀನ ಯಾರು ಬುಟ್ಟೋರು ಒಬ್ಬಳ್ನೇ? ನೀರೊಳಗೆ ನಿಂತಿತ್ತು. ಇನ್ನೊಂದು ಗಳಿಗೆ ಆಗಿದ್ರೆ ಹೆಣ ಎತ್ಬೇಕಿತ್ತು. ಮನೇಲಿ ಇರೋರಿಗೆ ಕಣ್ಣಿಲ್ವಾ?"

ಪುಟ್ಟಗೌರಮ್ಮ ಸುತ್ತಿ ಬಂದು ಮುದುಕಿಯ ಎದುರಿಗೆ ನಿಂತಳು.

"ನಾನೇ ಕಣವ್ವ," ಅಂದಳು. "ನಾನೇ ಬುಟ್ಟಿದ್ದು."