ತೊಟ್ಟಿಕ್ಕದ ಟ್ರಬ್‌ಶಾ

ನಮ್ಮ ಮುಂದಿನ ಕೋಣೆಯಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಟ್ರಬ್‌ಶಾ ಮೋಟಾರ್ ಸೈಕಲ್ ನಿಂತಿತ್ತು. ಶೆಡ್ಡಿನ ತೇವಕ್ಕೆ ತುಕ್ಕು ಹಿಡಿಯುತ್ತದೆಂದು ನನ್ನ ಗಂಡ ನೆವಿಲ್ ಅದನ್ನು ಒಳಗೆ ತಂದವನು ಮತ್ತೆ ಹೊರಗೆ ಹಾಕಿರಲಿಲ್ಲ. ಪೆಟ್ರೋಲ್ ತುಂಬಿದ ವಸ್ತುವೊಂದು ಗ್ಯಾಸ್ ಹೀಟರಿನ ಪಕ್ಕದಲ್ಲಿದೆ ಎಂಬ ಯೋಚನೆಗೇ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಟ್ರಬ್‌ಶಾ ಮಾಲೀಕರ ಸಂಘದ ಬೇಸಿಗೆ ಕೂಟದಲ್ಲಿ ಮೊದಲ ಬಹುಮಾನ ಗೆದ್ದ ಗಾಡಿ ಊರಿನ ಮ್ಯೂಸಿಯಮ್ಮಿಗೆ ಹೋಗುತ್ತದೆ. ಹಾಗಾಗಿ ಆ ಬಹುಮಾನ ನೆವಿಲ್‌ಗಿಂತ ನನಗೇ ಹೆಚ್ಚು ಬೇಕಿತ್ತು.

ಆಲ್ಬರ್ಟ್ ಟ್ರಬ್‌ಶಾ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಮಾಡುತ್ತಿದ್ದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಮೋಟಾರ್ ಸೈಕಲ್ ಕಟ್ಟತೊಡಗಿದರು. ಅವರ ಗಾಡಿ ಎಂಥ ದಿಬ್ಬವನ್ನೂ ಹತ್ತುತ್ತಿತ್ತು, ನಿಂತಲ್ಲೆಲ್ಲ ಎಣ್ಣೆ ಸುರಿಸುತ್ತಿತ್ತು. ಜಪಾನಿನ ಗಾಡಿಗಳು ಬಂದ ಮೇಲೆ ಕಾರ್ಖಾನೆ ಮುಚ್ಚಿತು. ಎಣ್ಣೆಯ ಕಲೆ ಮಾತ್ರ ಸಂಘದವರಿಗೆ ಮನೆತನದ ಗುರುತಿನಂತೆ ಉಳಿಯಿತು. ಕೂಟದಲ್ಲಿ ಪ್ರತಿ ಗಾಡಿಯ ಕೆಳಗೂ ಒಂದು ರಟ್ಟು ಹಾಸುತ್ತಾರೆ. ತೀರ್ಪುಗಾರ ಹೊರೇಸ್ ಟೀ ಮುಗಿಸಿ ಬಂದು, ರಟ್ಟಿನ ಮೇಲಿನ ಕಲೆ ನೋಡಿ ಗಾಡಿ ಅಸಲಿಯೋ ಅಲ್ಲವೋ ಹೇಳುತ್ತಾರೆ. ಕಲೆ ಇಲ್ಲದ ಗಾಡಿಗೆ ಬಹುಮಾನವಿಲ್ಲ.

ನಮ್ಮ ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

"ಸೋರೋದು ನಿಲ್ಲಿಸಿಬಿಟ್ಟೆ ಕಣೇ," ಎಂದು ನೆವಿಲ್ ನನ್ನ ಕಿವಿಯಲ್ಲಿ ಹೇಳಿದ. "ನಿನ್ನ ಕಾರ್ಪೆಟ್ಟಿಗೋಸ್ಕರ."

ಎಣ್ಣೆ ಬಿದ್ದು ಕಾರ್ಪೆಟ್ ಹಾಳಾಗುತ್ತಿದೆ ಎಂದು ನಾನು ದಿನಾ ಗೊಣಗುತ್ತಿದ್ದೆ; ಮದುವೆಯಾದಾಗಿನಿಂದ ಅವನು ನನ್ನ ಮಾತು ಕೇಳಿದ್ದು ಅದೊಂದೇ ಸಲ. ಹೊರೇಸ್ ಪಕ್ಕದ ಗಾಡಿಯವರೆಗೆ ಬಂದಾಗಿತ್ತು. ನಾನು ಊಟದ ಬುಟ್ಟಿಯಿಂದ ಸಾರ್ಡೀನ್ ಮೀನಿನ ಡಬ್ಬಿ ತೆಗೆದು, ಶೂ ದಾರ ಕಟ್ಟುವವಳಂತೆ ಬಗ್ಗಿ, ಅದರ ಎಣ್ಣೆಯನ್ನು ರಟ್ಟಿನ ಮೇಲೆ ಬಗ್ಗಿಸಿದೆ.

ಹೊರೇಸ್ ಮಂಡಿಯೂರಿ ಕೂತರು. ಕಲೆಯನ್ನು ಬೆರಳಿಂದ ಒರೆಸಿ ಮೂಸಿದರು.

"ಏನಪ್ಪಾ ನೆವಿಲ್, ಎಂಜಿನ್ ಒಳಗೆ ಮೀನು ಸಾಕಿದ್ದೀಯಾ?"

ನೆವಿಲ್ ನನ್ನ ಮುಖ ನೋಡಿದ. ಆಮೇಲೆ, ಗಾಡಿ ಸೋರುವುದಿಲ್ಲವೆಂದು ಎಲ್ಲರೆದುರೂ ಒಪ್ಪಿಕೊಂಡ. ಸೋರದಿದ್ದರೆ ಅದು ಟ್ರಬ್‌ಶಾ ಅಲ್ಲ, ಒಳಗೆ ಜಪಾನಿ ಎಂಜಿನ್ ಇಟ್ಟಿರಬೇಕು ಎಂದರು ಹೊರೇಸ್. ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ನನ್ನ ಸೋಫಾ ಕೈ ತಪ್ಪಿತು ಎಂದುಕೊಂಡೆ.

ಆಗ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ವಿನಿಫ್ರೆಡ್, ಆಲ್ಬರ್ಟ್ ಟ್ರಬ್‌ಶಾ ಅವರ ಮಗಳು, ಕೋಲೂರಿ ಎದ್ದು ಬಂದರು.

"ಹೊರೇಸ್, ನಮ್ಮಪ್ಪ ಸಾಯೋವರೆಗೂ ಈ ಸೋರೋದು ನಿಲ್ಲಿಸೋಕೆ ಒದ್ದಾಡಿದ್ರು ಕಣಯ್ಯ. ನೀವು ನೋಡಿದ್ರೆ ಅದಕ್ಕೇ ಬಹುಮಾನ ಕೊಡ್ತಾ ಕೂತಿದ್ದೀರಾ?"

ಹೊರೇಸ್ ಟೋಪಿ ತೆಗೆದರು. ಬಹುಮಾನ ನಮಗೇ ಬಂತು.

ಗಾಡಿ ಮ್ಯೂಸಿಯಮ್ಮಿಗೆ ಹೋದ ಮೇಲೆ ನಾನು ಸೋಫಾ ಜಾಗವನ್ನು ಅಳೆಯುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಹೊರೇಸ್ ತಮ್ಮ ಟ್ರಬ್‌ಶಾ ಹಿಡಿದು ನಿಂತಿದ್ದರು.

"ಇದು ಸೋರೋದನ್ನೂ ನಿಲ್ಲಿಸಿಕೊಡು ಅಂತ ನೆವಿಲ್‌ಗೆ ಹೇಳೋಣ ಅಂತ ಬಂದೆ. ನಿಮ್ಮ ಶೆಡ್ಡಲ್ಲಿ ತೇವ ಅಂತೆ, ಒಳಗೇ ತರ್ತೀನಮ್ಮ."

ಅವರ ಹಿಂದೆ ಗೇಟಿನಾಚೆಗೂ ಟ್ರಬ್‌ಶಾಗಳ ಸಾಲು ಇತ್ತು.